ಅಪ್‌ಡೇಟ್: ಸರ್ವಿಸ್ ಅಪಾರ್ಟ್‌ಮೆಂಟ್ ಗೀಸರ್, ಎಸಿ ಗೋಳು

ಹೋದ ಸಲ ಕೇಳಿದ್ನಲ್ಲ, ವೈಟ್‌ಫೀಲ್ಡ್ ಹತ್ರ ಸರ್ವಿಸ್ ಅಪಾರ್ಟ್‌ಮೆಂಟಲ್ಲಿ ಆಫೀಸ್ ಪ್ರಾಜೆಕ್ಟಿಗೆ ಅಂತ ತಿಂಗಳುಗಟ್ಲೆ ಇದೀನಿ, ಗೀಸರ್ ನೀರು ಉಗುರುಬೆಚ್ಚಗಷ್ಟೇ ಬರುತ್ತೆ, ಎಸಿಯಿಂದ ಮಂಚದ ಮೇಲೆ ನೀರು ತೊಟ್ಟಿಕ್ಕುತ್ತೆ, ರಿಸೆಪ್ಷನ್‌ನವ್ರು "ಕಳಿಸ್ತೀವಿ ಸಾರ್" ಅಂತಾನೇ ದಿನ ತಳ್ತಿದಾರೆ ಏನ್ಮಾಡ್ಲಿ ಅಂತ.

ಬಾಯಲ್ಲಿ ಹೇಳೋದು ಬಿಡಿ, ವಿಡಿಯೋ ಸಮೇತ ಮೇಲ್ ಹಾಕಿ ಅಂದಿದ್ರಲ್ಲ, ಅದೇ ಕೆಲಸ ಮಾಡ್ತು. ನಮ್ಮ ಕಂಪನಿ ಅಡ್ಮಿನ್‌ನೂ ಸಿಸಿಲಿ ಹಾಕ್ದೆ, ದುಡ್ಡು ಕಟ್ಟೋರು ಅವ್ರೇ ಅಲ್ವಾ, ಮಾರನೇ ದಿನ ಬೆಳಿಗ್ಗೇನೇ ಇಬ್ರು ಬಂದು ಬಾಗಿಲು ತಟ್ಟಿದ್ರು.

ಗೀಸರ್ ಬಿಚ್ಚಿದ್ರೆ ನೀರು ಕಾಯಿಸೋ ಕಾಯಿಲ್ಲೇ ಕಾಣ್ತಿಲ್ಲ, ಸುತ್ತ ಬಿಳೀ ಸುಣ್ಣದ ಪದರ, ಸ್ಕ್ರೂಡ್ರೈವರಲ್ಲಿ ಕುಟ್ಟಿದ್ರೆ ಚಕ್ಕೆ ಚಕ್ಕೆ ಉದುರ್ತಿತ್ತು. ಎಲ್ಲ ಬೋರ್‌ವೆಲ್ ಗಡಸು ನೀರಿನ ಮಹಿಮೆ, ಅದರಲ್ಲಿರೋ ಕ್ಯಾಲ್ಸಿಯಂ ಬಿಸಿಗೆ ಕಾಯಿಲ್ ಮೇಲೆ ಕೂತ್ಕೊಳುತ್ತೆ, ಆಮೇಲೆ ಶಾಖ ನೀರಿಗೆ ಸರಿಯಾಗಿ ಹತ್ತಲ್ಲ, ಕರೆಂಟ್ ಮಾತ್ರ ಎಳೀತಿರುತ್ತೆ. ಹೊಸ ಕಾಯಿಲ್ ಹಾಕಿದ್ರು, ನೀರಿನ ಗಡಸುತನ ತೆಗೆಯೋ ಸಾಫ್ಟ್‌ನರ್ ಹಾಕ್ಸಿ ಅಂದಿದ್ದಕ್ಕೆ ನಕ್ಕು ಸುಮ್ಮನಾದ್ರು. ಎಸಿದು ಡ್ರೈನ್ ಪೈಪ್ ಬ್ಲಾಕ್ ಅಷ್ಟೇ, ಬ್ಲೋವರಲ್ಲಿ ಊದಿದ್ರೆ ಕಪ್ಪು ಲೋಳೆ ಬಂತು, ಥೂ, ಇಷ್ಟು ದಿನ ಅದರ ಕೆಳಗೇ ಮಲಗ್ತಿದ್ನಾ.

ಇಷ್ಟಾದ್ಮೇಲೂ ಬಿಲ್ಲಲ್ಲಿ ರಿಪೇರಿ ಚಾರ್ಜ್ ಅಂತ ಸೇರ್ಸಿದ್ರು ನೋಡಿ. ಅಗ್ರಿಮೆಂಟಲ್ಲಿ ಮೇಂಟೆನೆನ್ಸ್ ಅವರದ್ದೇ ಅಂತ ಇತ್ತು, ಆ ಪುಟದ ಫೋಟೋ ಕಳ್ಸಿದ್ಮೇಲೆ ಮಾತಾಡ್ದೆ ತೆಗೆದ್ರು. ರೂಮ್ ಚೇಂಜ್ ಮಾಡ್ಕೊಳ್ಳಿ ಅಂದೋರಿಗೆ: ಕೇಳ್ದೆ, ತೋರಿಸಿದ್ದು ಜನರೇಟರ್ ಮಗ್ಗುಲಿನ ರೂಮು, ಬೇಡಪ್ಪಾ ಅಂದೆ. ಸಿಂಕ್ ಲೀಕ್ ಇನ್ನೂ ಹಾಗೇ ಇದೆ, ಪ್ಲಂಬರ್ ಸೋಮವಾರ ಬರ್ತಾನಂತೆ.