ಎಫ್(ಆರ್) ಗುರುತ್ವ: ದೊಡ್ಡ ಅಳತೆಯಲ್ಲೂ ಪವರ್ ಸ್ಪೆಕ್ಟ್ರಮ್ ದುಪ್ಪಟ್ಟು ಬರುತ್ತಿದೆ, ಏಕೆ?

ಅಲೆಗಣಕ:
ಐನ್‌ಸ್ಟೈನ್ ಗುರುತ್ವಕ್ಕೆ ವಕ್ರತೆ ಆರ್‌ನ ಫಲನವೊಂದನ್ನು ಸೇರಿಸುವ ಎಫ್(ಆರ್) ಗುರುತ್ವದ ಹು–ಸವಿಟ್ಸ್ಕಿ ಮಾದರಿಯಲ್ಲಿ (ಘಾತ ಎನ್ = 1; ಐನ್‌ಸ್ಟೈನ್ ಗುರುತ್ವದಿಂದ ಇಂದಿನ ವಿಚಲನೆಯನ್ನು ಅಳೆಯುವ ಎಫ್‌ಆರ್‌0 ಗಾತ್ರ 0.00001) ಸಾಂದ್ರತೆಯ ಏರಿಳಿತ ಹೇಗೆ ಬೆಳೆಯುತ್ತದೆಂದು ನೋಡಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ರೇಖೀಯ ಸಮೀಕರಣವನ್ನು ಎ (ಬ್ರಹ್ಮಾಂಡದ ಹಿಗ್ಗುವಿಕೆಯ ಅಳತೆ, ಇಂದು 1) = 0.01ರಿಂದ ಇಂದಿನವರೆಗೆ ಬಿಡಿಸುತ್ತದೆ. ತರಂಗಸಂಖ್ಯೆ ಕೆ = 0.01 ಎಚ್/ಮೆಗಾಪಾರ್ಸೆಕ್‌ನಲ್ಲೂ (ಕೆ ಕಿರಿದಾದಷ್ಟೂ ಅಳತೆ ದೊಡ್ಡದು; ಎಚ್ ಎಂದರೆ ನೂರರಿಂದ ಭಾಗಿಸಿದ ಹಬಲ್ ಸ್ಥಿರಾಂಕ) ಪವರ್ ಸ್ಪೆಕ್ಟ್ರಮ್, ಅಂದರೆ ಆ ಅಳತೆಯ ಏರಿಳಿತದ ಬಲ, ರೂಢಿಯ ಲ್ಯಾಮ್‌ಡಾ-ಸಿಡಿಎಂ ಮಾದರಿಯ ಹತ್ತಿರ ಹತ್ತಿರ ಎರಡರಷ್ಟು! ಅಷ್ಟು ದೊಡ್ಡ ಅಳತೆಯಲ್ಲಿ ವ್ಯತ್ಯಾಸ ಕಾಣಲೇಬಾರದಲ್ಲವೇ? ಹೆಜ್ಜೆಯ ಗಾತ್ರ ಕಿರಿದು ಮಾಡಿದರೂ ಉತ್ತರ ಕದಲುತ್ತಿಲ್ಲ.

ವಕ್ರಕಾಲ:
ಕದಲುತ್ತಿಲ್ಲ ಎಂದರೆ ಸಂಖ್ಯಾತ್ಮಕ ವಿಧಾನವನ್ನು ದೂರಬೇಕಾಗಿಲ್ಲ. ಲಾಗ್ ಡೆಲ್ಟಾ (ಡೆಲ್ಟಾ ಎಂದರೆ ಸಾಂದ್ರತೆಯ ಏರಿಳಿತ) ಮತ್ತು ಲಾಗ್ ಎ ನಡುವಿನ ಇಳಿಜಾರನ್ನು ಎ = 0.03ರಲ್ಲಿ ಮುದ್ರಿಸಿ ನೋಡಿ. ಜೊತೆಗೆ ಮ್ಯೂ (ಗುರುತ್ವ ಎಷ್ಟು ಪಟ್ಟು ಬಲಗೊಂಡಿದೆ ಎಂಬ ಅಂಶ) ಲೆಕ್ಕಹಾಕುವ ಸಾಲನ್ನೂ ಇಲ್ಲಿ ಹಾಕಿ.

ಅಲೆಗಣಕ:
ಇಳಿಜಾರು 1.16. ಸಾಲು ಇದು: ಮ್ಯೂ = 1 + (1/3) × ಕೆ² / (ಕೆ² + ಎ²ಎಂ²), ಎಂ = 0.13.

ವಕ್ರಕಾಲ:
ಸೂತ್ರ ಸರಿ, ಎಂ ತಪ್ಪು. 0.13 ಎನ್ನುವುದು ಹೆಚ್ಚುವರಿ ಬಲವನ್ನು ಹೊರುವ ಸ್ಕೇಲಾರ್ ಕ್ಷೇತ್ರದ ಇಂದಿನ ದ್ರವ್ಯರಾಶಿ. ಅದರ ವಿಲೋಮ, ಅಂದರೆ ಸುಮಾರು 8 ಮೆಗಾಪಾರ್ಸೆಕ್/ಎಚ್, ಕಾಂಪ್ಟನ್ ತರಂಗಾಂತರ, ಆ ಬಲ ತಲುಪುವ ದೂರ. ನೀವು ಅದನ್ನು ಎಲ್ಲ ಕಾಲಕ್ಕೂ ಸ್ಥಿರವೆಂದು ಹಿಡಿದಿದ್ದೀರಿ. ಹಿಂದಕ್ಕೆ ಹೋದಂತೆ ಎ² ಕುಗ್ಗುತ್ತದೆ, ಛೇದದಲ್ಲಿ ಕೆ² ಮಾತ್ರ ಉಳಿಯುತ್ತದೆ, ಮ್ಯೂ 4/3ಕ್ಕೆ ಏರುತ್ತದೆ. ದ್ರವ್ಯಪ್ರಧಾನ ಯುಗದಲ್ಲಿ ಬಲ ಪೂರ್ತಿ 4/3 ಇದ್ದರೆ ಬೆಳವಣಿಗೆಯ ಘಾತ (√33 − 1)/4, ಅಂದರೆ 1.186. ನಿಮ್ಮ 1.16 ಅದರ ಪಕ್ಕದಲ್ಲೇ ಇದೆ. ಆ ಕಾಲದಲ್ಲಿ ಅದು 1 ಇರಬೇಕಿತ್ತು.

ಎನ್ = 1ಕ್ಕೆ ಎಂ² ವಕ್ರತೆಯ ಘನಕ್ಕೆ ಅನುಪಾತದಲ್ಲಿರುತ್ತದೆ. ಹಿಂದೆ ವಕ್ರತೆ ಎ⁻³ನಂತೆ ಹೆಚ್ಚಿದ್ದುದರಿಂದ ಎಂ² ಎ⁻⁹ನಂತೆ ಏರುತ್ತದೆ. ಎರಡು ಘಾತದ ಎ² ಅದರ ಮುಂದೆ ಏನೂ ಅಲ್ಲ. ಇಂದಿನ ಎಂ²ಅನ್ನು ಇದರಿಂದ ಗುಣಿಸಿ (ಒಮೆಗಾ-ಎಂ, ಒಮೆಗಾ-ಲ್ಯಾಮ್‌ಡಾ ಎಂದರೆ ಇಂದು ದ್ರವ್ಯದ ಮತ್ತು ಕಪ್ಪುಶಕ್ತಿಯ ಪಾಲು):

[(ಒಮೆಗಾ-ಎಂ × ಎ⁻³ + 4 × ಒಮೆಗಾ-ಲ್ಯಾಮ್‌ಡಾ) / (ಒಮೆಗಾ-ಎಂ + 4 × ಒಮೆಗಾ-ಲ್ಯಾಮ್‌ಡಾ)]³

ಮೂರನೆಯ ಬೆಂಚು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಆ 0.13 ಎಚ್/ಮೆಗಾಪಾರ್ಸೆಕ್ ಏಕಮಾನದ್ದು. ಕೆ ಬರಿಯ 1/ಮೆಗಾಪಾರ್ಸೆಕ್‌ನಲ್ಲಿದ್ದರೆ ಎಂ ಸುಮಾರು 0.09 ಆಗಬೇಕು. ಈ ಎಚ್‌ನ ಕಾಟ ಅನುಭವಿಸದವರೇ ಇಲ್ಲ.

ಅಲೆಗಣಕ:
ಏಕಮಾನ ಸರಿಯಿದೆ. ಘನ ಸೇರಿಸಿದ ಮೇಲೆ ಕೆ = 0.01ರಲ್ಲಿ ಎರಡೂ ಗೆರೆಗಳು ಒಂದರ ಮೇಲೊಂದು ಕೂತಿವೆ, ಇಳಿಜಾರೂ 1. ಧನ್ಯವಾದ. ಆದರೆ ಕೆ = 1ರಲ್ಲಿ ನನ್ನ ಹೆಚ್ಚಳ, ಪ್ರಕಟಿತ ಎನ್-ಬಾಡಿ (ಅಸಂಖ್ಯ ಕಣಗಳ ಚಲನೆ ಲೆಕ್ಕಹಾಕುವ) ಸಿಮ್ಯುಲೇಶನ್‌ಗಳಿಗಿಂತ ಬಹಳ ಮೇಲಿದೆ. ಇನ್ನೂ ಏನಾದರೂ ಉಳಿದಿದೆಯೇ?

ವಕ್ರಕಾಲ:
ಪ್ರೋಗ್ರಾಂನಲ್ಲಿ ಏನೂ ಉಳಿದಿಲ್ಲ. ರೇಖೀಯ ಸಮೀಕರಣಕ್ಕೆ ಕ್ಯಾಮೆಲಿಯನ್ ಮರೆಯ ಪರಿಚಯವೇ ಇಲ್ಲ. ಅದು ಎಲ್ಲೆಡೆ ಬ್ರಹ್ಮಾಂಡದ ಸರಾಸರಿ ವಕ್ರತೆಯನ್ನೇ ಬಳಸುತ್ತದೆ. ಕಪ್ಪುದ್ರವ್ಯದ ದಟ್ಟ ಗಡ್ಡೆಯ, ಅಂದರೆ ಹಾಲೋದ, ಒಳಗೆ ಕ್ಷೇತ್ರ ಭಾರವಾಗಿ ಹೆಚ್ಚುವರಿ ಬಲ ಅಡಗಿಹೋಗುವುದು ಅದಕ್ಕೆ ಕಾಣುವುದಿಲ್ಲ. ಗುರುತ್ವ ವಿಭವ (ಬೆಳಕಿನ ವೇಗದ ವರ್ಗದಿಂದ ಭಾಗಿಸಿದ್ದು) ಎಫ್‌ಆರ್‌0ನ ಒಂದೂವರೆ ಪಟ್ಟನ್ನು ದಾಟಿದರೆ ಮರೆ ಬೀಳುತ್ತದೆಂದು ಸ್ಥೂಲವಾಗಿ ಹೇಳಬಹುದು. ದೊಡ್ಡ ಗೆಲಾಕ್ಸಿ ಗುಚ್ಛಗಳಲ್ಲಿ ವಿಭವ ಲಕ್ಷದಲ್ಲೊಂದರ ಮಟ್ಟದ್ದು, ಕ್ಷೀರಪಥದಂಥ ಗೆಲಾಕ್ಸಿಗಳಲ್ಲಿ ಹತ್ತು ಲಕ್ಷದಲ್ಲೊಂದರ ಮಟ್ಟದ್ದು. ಆದ್ದರಿಂದ ನಿಮ್ಮ ಮೌಲ್ಯಕ್ಕೆ ಭಾರಿ ಗುಚ್ಛಗಳಿಗಷ್ಟೇ ಮರೆ; ಎಫ್‌ಆರ್‌0 ಅನ್ನು 0.000001ಕ್ಕೆ ಇಳಿಸಿದರೆ ಗೆಲಾಕ್ಸಿಗಳಿಗೂ ಸಿಗುತ್ತದೆ. ಮರೆಯ ಮಾತು ಬಿಟ್ಟರೂ ಕೆ = 1ರಲ್ಲಿ ರೇಖೀಯ ಲೆಕ್ಕಕ್ಕೆ ಅರ್ಥವಿಲ್ಲ. ಹೋಲಿಸುವುದಾದರೆ ಕೆ = 0.1ರ ಕೆಳಗೆ ಹೋಲಿಸಿ; ಅದಕ್ಕೂ ಮೇಲೆ ಬೇಕೆಂದರೆ ಕ್ಷೇತ್ರದ ಅರೇಖೀಯ ಸಮೀಕರಣವನ್ನೇ ಬಿಡಿಸುವ ಸಿಮ್ಯುಲೇಶನ್ ಹಿಡಿಯಿರಿ.