ಬೇಸಿಗೆ ರಜೆಯಲ್ಲಿ ಒಂದು ದಿನ, ಕಡಿಮೆ ಖರ್ಚಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಕೇಳಿದವರು, ವಿನೋಬನಗರ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ರಜೆ ಶುರುವಾದಾಗಿನಿಂದ ಮಕ್ಕಳು ಮೊಬೈಲ್ ಬಿಡುತ್ತಿಲ್ಲ. ಮಗಳು ಆರನೇ ಕ್ಲಾಸು, ಮಗ ಮೂರನೇ ಕ್ಲಾಸು. ಯಜಮಾನರಿಗೆ ಭಾನುವಾರ ಮಾತ್ರ ಬಿಡುವು. ಬೆಳಗ್ಗೆ ಹೋಗಿ ಸಂಜೆಯೊಳಗೆ ಮನೆ ಸೇರಬೇಕು, ಮಕ್ಕಳು ಚೆನ್ನಾಗಿ ಓಡಾಡಬೇಕು. ನಮ್ಮ ಹತ್ತಿರ ಕಾರಿಲ್ಲ. ಐದು ಜನಕ್ಕೆ ಸಾವಿರದೊಳಗೆ ಮುಗಿದರೆ ಒಳ್ಳೆಯದು. ಜೊತೆಗೆ ಅತ್ತೆ ಬರುತ್ತಾರೆ, ಅವರಿಗೆ ಮಂಡಿ ನೋವು. ಹೋಗಿ ಬಂದವರು ಹೇಳಿ.

ಚಿತ್ರದುರ್ಗದಿಂದ:
ನಮ್ಮ ಕೋಟೆಗೇ ಬನ್ನಿ ಅಕ್ಕ. ಸುಮಾರು 60 ಕಿಲೋಮೀಟರ್ ಅಷ್ಟೆ. ಸರ್ಕಾರಿ ಬಸ್ಸೇ ಹತ್ತಿ, ಆಧಾರ್ ಕಾರ್ಡ್ ಮರೆಯಬೇಡಿ. ಶಕ್ತಿ ಯೋಜನೆಯಲ್ಲಿ ನಿಮಗೆ, ಅತ್ತೆಗೆ, ಮಗಳಿಗೆ ಟಿಕೆಟ್ ದುಡ್ಡಿಲ್ಲ. ಯಜಮಾನರಿಗೆ ಒಂದು ಟಿಕೆಟ್, ಮಗನಿಗೆ ಅರ್ಧ. ಆತುರದಲ್ಲಿ ಖಾಸಗಿ ಬಸ್ ಹತ್ತಿದರೆ ಐದು ಜನಕ್ಕೂ ಕೊಡಬೇಕಾಗುತ್ತದೆ. ಕೋಟೆ ಟಿಕೆಟ್ ದೊಡ್ಡವರಿಗೆ 25 ರೂಪಾಯಿ, 15 ವರ್ಷದೊಳಗಿನವರಿಗೆ ಇಲ್ಲ.

ಎಲ್ಲಕ್ಕಿಂತ ಮುಖ್ಯ ಹೊತ್ತು. ಬೆಳಗ್ಗೆ ಆರು ಗಂಟೆ ಹೊತ್ತಿಗೆ ದಾವಣಗೆರೆ ಬಿಟ್ಟುಬಿಡಿ. ಇಲ್ಲಿ ಬಂಡೆ ಕಾಯಲು ಶುರುವಾದರೆ ಮೇಲಿನ ಬಿಸಿಲಿನ ಜೊತೆ ಕೆಳಗಿನಿಂದಲೂ ಝಳ ಹೊಡೆಯುತ್ತದೆ, ಆಮೇಲೆ ಎಷ್ಟು ನೀರು ಕುಡಿಸಿದರೂ ಮಕ್ಕಳು ಬಾಡಿಹೋಗುತ್ತಾರೆ. ಹತ್ತೂವರೆಗೆ ಇಳಿಯಲು ಶುರು ಮಾಡಿ.

ಮಕ್ಕಳಿಗೆ ಇಸವಿ, ರಾಜರ ಹೆಸರು ಒಪ್ಪಿಸುತ್ತಾ ಹೋಗಬೇಡಿ. ನೀರಿನ ದಾರಿ ಹುಡುಕಲು ಹೇಳಿ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ ತಂಗಿ ಹೊಂಡಕ್ಕೆ, ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವ ಹಾಗೆ ಕಟ್ಟಿದ್ದಾರೆ. ಇಷ್ಟು ಹೇಳಿ ಬಿಟ್ಟರೆ ಸಾಕು, ಅವರೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ. ಸಿಡಿಮದ್ದು ಬೀಸುವ ಕಲ್ಲುಗಳನ್ನು ತೋರಿಸಿ, ಅಷ್ಟು ದೊಡ್ಡ ಕಲ್ಲು ತಿರುಗಿಸಲು ಎಷ್ಟು ಬಲ ಬೇಕಿತ್ತು ಅಂತ ಲೆಕ್ಕ ಹಾಕಲಿ. ಓಬವ್ವನ ಕಿಂಡಿಯಲ್ಲಿ ನುಸುಳುವುದಂತೂ ಇದ್ದೇ ಇದೆ.

ತುಪ್ಪದ ಕೊಳಕ್ಕೆ ಮಾತ್ರ ಮಗನನ್ನು ಹತ್ತಿಸಬೇಡಿ. ಬಂಡೆಯಲ್ಲಿ ಕಾಲ್ಬೆರಳು ಊರುವಷ್ಟೇ ಗುಳಿಗಳಿವೆ. ಹತ್ತಿಬಿಡುತ್ತಾರೆ, ಇಳಿಯುವಾಗ ಕಾಲು ನಡುಗುತ್ತದೆ. ಕೋತಿ ಜಾಸ್ತಿ, ಹಾಗಾಗಿ ತಿಂಡಿ ಕವರ್ ಕೈಯಲ್ಲಿ ಹಿಡಿಯದೆ ಬ್ಯಾಗಿನೊಳಗೆ ಇಡಿ. ಚಪ್ಪಲಿ ಬೇಡ, ಶೂ ಹಾಕಿ.

ಸಂತೆಬೆನ್ನೂರು ಕಡೆಯವರು:
ಕೋಟೆ ಚೆಂದವೇ, ಆದರೆ ಮಂಡಿ ನೋವಿರುವ ಅಜ್ಜಿಗೆ ಆ ಮೆಟ್ಟಿಲು, ನುಣುಪು ಕಲ್ಲು ಕಷ್ಟ ಅಲ್ವಾ? ಅವರನ್ನು ಎಲ್ಲೋ ಕೂರಿಸಿ ಎಲ್ಲರೂ ಮೇಲೆ ಹೋದರೆ ಅವರ ದಿನ ಬರೀ ಕಾಯುವುದರಲ್ಲೇ ಹೋಗುತ್ತದೆ. ನಮ್ಮ ಪುಷ್ಕರಣಿಗೆ ಬನ್ನಿ. ನಾಲ್ಕೂ ಕಡೆ ಮೆಟ್ಟಿಲು, ನಡುವೆ ವಸಂತ ಮಂಟಪ, ಎದುರಿಗೇ ಮುಸಾಫಿರ್‌ಖಾನ, ಅಂದರೆ ಹಳೇ ಕಾಲದ ಪ್ರಯಾಣಿಕರ ತಂಗುದಾಣ. ಅಜ್ಜಿ ನೆರಳಲ್ಲಿ ಕೂತಲ್ಲಿಂದಲೇ ಮೊಮ್ಮಕ್ಕಳನ್ನು ನೋಡಬಹುದು. ಮಕ್ಕಳನ್ನು ನೀರಿಗೆ ಮಾತ್ರ ಇಳಿಸಬೇಡಿ. ಇದೇ ಕಡೆ ಇರುವ ಸೂಳೆಕೆರೆಗೆ ಹೋದರೂ ಇದೇ ಮಾತು, ಗಾಳಿ ತಗೊಳ್ಳಿ, ಈಜು ಬೇಡ.

ನಿಟುವಳ್ಳಿಯಿಂದ:
ನಾವು ಬೆಳಗ್ಗೆ ಸೈಕಲ್‌ನಲ್ಲಿ ಕೊಂಡಜ್ಜಿಗೆ ಹೋಗುತ್ತೇವೆ, ಕೆರೆ, ಗುಡ್ಡ ಎರಡೂ ಸಿಗುತ್ತವೆ. ನಿಮ್ಮ ಮಗನಿಗೆ ಅಷ್ಟು ದೂರ ಬೇಡ. ದೊಡ್ಡ ಪ್ರವಾಸಕ್ಕೆ ಮೊದಲು ಒಂದು ವಾರ ಕುಂದುವಾಡ ಕೆರೆ ಸುತ್ತ ನಡೆಸಿ ನೋಡಿ. ಕಾಸು ಖರ್ಚಿಲ್ಲ, ಕಾಲಿಗೆ ಅಭ್ಯಾಸವೂ ಆಗುತ್ತದೆ.

ಊಟದ ಬಗ್ಗೆ ಇನ್ನೊಬ್ಬರು:
ದುಡ್ಡು ಹೋಗುವುದೇ ಹೊರಗಿನ ಊಟಕ್ಕೆ. ಬುತ್ತಿ ಕಟ್ಟಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಸೌತೆಕಾಯಿ ಎಷ್ಟು ಬಿಸಿಲಿಗೂ ಕೆಡುವುದಿಲ್ಲ. ಮೊಸರನ್ನಕ್ಕೆ ಮೊಸರು ಕಡಿಮೆ, ಹಾಲು ಜಾಸ್ತಿ ಹಾಕಿ ಕಲಸಿದರೆ ಮಧ್ಯಾಹ್ನದವರೆಗೂ ಹುಳಿಯಾಗದು. ತಲೆಗೆ ಒಂದು ಬಾಟಲಿಗಿಂತ ಹೆಚ್ಚು ನೀರು ಬೇಕು. ಒಂದರಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆ ಇರಲಿ. ಬೆಣ್ಣೆ ದೋಸೆ ವಾಪಸ್ ಬಂದ ಮೇಲೆ ಊರಲ್ಲೇ ತಿನ್ನಿ.

ಕೇಳಿದವರು:
ಇಷ್ಟೊಂದು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅತ್ತೆಯನ್ನು ಕೇಳಿದೆ. ಈ ಭಾನುವಾರ ಎಲ್ಲರೂ ಸಂತೆಬೆನ್ನೂರಿಗೆ ಅಂದರು, ಕೋಟೆಗೆ ಮುಂದಿನ ವಾರ ಮಕ್ಕಳನ್ನು ನೀವಿಬ್ಬರೇ ಕರೆದುಕೊಂಡು ಹೋಗಿ ಅಂತಲೂ ಹೇಳಿದರು. ದುರ್ಗದಲ್ಲಿ ಬಸ್ ಸ್ಟ್ಯಾಂಡಿಂದ ಕೋಟೆಗೆ ನಡೆಯಬಹುದಾ?

ಚಿತ್ರದುರ್ಗದಿಂದ:
ನಡೆಯಬಹುದು, ಆದರೆ ಹೋಗುವಾಗ ಆಟೋ ಹಿಡಿಯಿರಿ, ಮೊದಲೇ ರೇಟು ಮಾತಾಡಿ. ಕಾಲಿನ ಶಕ್ತಿ ಬೆಟ್ಟಕ್ಕೆ ಉಳಿಯಲಿ. ಬರುವಾಗ ನಡೆದುಕೊಂಡು ಬಂದು ಸಂತೆ ಹೊಂಡ ನೋಡಿ.