ಹೈಸ್ಕೂಲು ಮಕ್ಕಳು, ಪ್ರಜಾಪ್ರಭುತ್ವ, ನಾಯಕತ್ವ: ನಮ್ಮಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ

ಕಾರವಾರದ ಹತ್ತಿರದ ಹೈಸ್ಕೂಲಿಗೆ ಹೊಸದಾಗಿ ಸೇರಿದ ಟೀಚರ್ ಒಬ್ಬರು ಕೇಳಿದ್ದಾರೆ. ಎಂಟು, ಒಂಬತ್ತನೇ ಕ್ಲಾಸಿನವರಿಗೆ ಜಗತ್ತಿನ ಪ್ರಜಾಪ್ರಭುತ್ವ, ಯುವ ನಾಯಕತ್ವ ಅಂತ ಏನಾದರೂ ಮಾಡಬೇಕು, ಭಾಷಣ ಸ್ಪರ್ಧೆ ಇಟ್ಟರೆ ಅದೇ ನಾಲ್ಕು ಮಕ್ಕಳು ಬರುತ್ತಾರೆ, ಉಳಿದವರು ಬಾಯಿ ಬಿಡುವುದಿಲ್ಲ, ಏನು ಮಾಡಲಿ ಅಂತ. ನಾನು ಕುಮಟಾ ಕಡೆ ಹದಿನಾಲ್ಕು ವರ್ಷದಿಂದ ಸಮಾಜ ಹೇಳಿಕೊಡುತ್ತಿದ್ದೇನೆ. ನಮ್ಮ ಅನುಭವ ಬರೆಯುತ್ತೇನೆ.

ಮೊದಲಿಗೆ, ಜಗತ್ತಿನಿಂದ ಶುರು ಮಾಡಬೇಡಿ. ನಾನು ಹಾಗೇ ಮಾಡಿದ್ದೆ. ಸೆಪ್ಟೆಂಬರ್ 15 ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನ ಅಲ್ವಾ, ಎರಡು ವರ್ಷ ಅವತ್ತು ಯಾರನ್ನಾದರೂ ಕರೆಸಿ ಉಪನ್ಯಾಸ ಇಟ್ಟೆ. ಮಕ್ಕಳು ಸಾಲಾಗಿ ಕೂತರು, ಚಪ್ಪಾಳೆ ತಟ್ಟಿದರು, ಎದ್ದು ಹೋದರು. ಮರುದಿನ ಒಂದೇ ಒಂದು ಪ್ರಶ್ನೆ ಬರಲಿಲ್ಲ.

ಶಾಲಾ ಸಂಸತ್ತು ನಿಮ್ಮಲ್ಲೂ ಇದ್ದೇ ಇರುತ್ತದೆ. ಅದರ ಚುನಾವಣೆ ಹೇಗೆ ನಡೆಯುತ್ತದೆ ನೋಡಿ. ನಮ್ಮಲ್ಲಿ ಮೊದಲೆಲ್ಲ ಕೈ ಎತ್ತಿಸಿ ಮುಗಿಸುತ್ತಿದ್ದೆವು. ಕೈ ಎತ್ತುವಾಗ ಮಕ್ಕಳು ಪಕ್ಕದವರ ಕೈ ನೋಡುತ್ತಾರೆ, ಟೀಚರ್ ಮುಖ ನೋಡುತ್ತಾರೆ. ಒಂದು ವರ್ಷ ಬಿಸ್ಕಿಟ್ ಡಬ್ಬಕ್ಕೆ ಸೀಳು ಮಾಡಿ, ನಕ್ಷೆ ತೂಗುಹಾಕುವ ಸ್ಟ್ಯಾಂಡಿಗೆ ಪಂಚೆ ಕಟ್ಟಿ ಮರೆ ಮಾಡಿ, ಗುಟ್ಟಿನ ಮತ ಹಾಕಿಸಿದೆ. ಯಾರೂ ಲೆಕ್ಕಕ್ಕೇ ಇಡದ ಒಬ್ಬಳು ಗೆದ್ದಳು. ಮನೆಯಲ್ಲಿ ಹಾಲಕ್ಕಿ ಸಮುದಾಯದ ಕನ್ನಡ ಮಾತಾಡುವ ಹುಡುಗಿ, ಎದ್ದು ನಿಂತರೆ ದನಿಯೇ ಹೊರಡುತ್ತಿರಲಿಲ್ಲ.

ಆಮೇಲೆ ಆ ಸಂಸತ್ತಿಗೆ 500 ರೂಪಾಯಿ ಕೊಟ್ಟೆ. ಏನು ಬೇಕಾದರೂ ಮಾಡಿ, ಆದರೆ ಎಲ್ಲರೆದುರು ಚರ್ಚೆ ಆಗಬೇಕು, ಲೆಕ್ಕ ಗೋಡೆಗೆ ಅಂಟಿಸಬೇಕು ಅಂದೆ. ಹುಡುಗರಿಗೆ ಹೊಸ ವಾಲಿಬಾಲ್ ಬೇಕಿತ್ತು. ಎರಡು ದಿನ ಜಗಳ. ಮೂರನೇ ದಿನ ಈ ಹುಡುಗಿ ಎದ್ದು, ಹುಡುಗಿಯರ ಶೌಚಾಲಯಕ್ಕೆ ಚಿಲಕ ಇಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು, ಅದಕ್ಕೇ ನಾವು ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ ಅಂದಳು. ಕ್ಲಾಸು ಸುಮ್ಮನಾಯಿತು. ಅಷ್ಟು ವರ್ಷ ಅಲ್ಲೇ ಓಡಾಡಿದ ನನಗೇ ಅದು ಗೊತ್ತಿರಲಿಲ್ಲ. ಎರಡು ಚಿಲಕ, ಸ್ಕ್ರೂ, ಉಳಿದ ದುಡ್ಡಲ್ಲಿ ಹಳೇ ವಾಲಿಬಾಲಿಗೆ ಬ್ಲಾಡರ್. ಬಿಲ್ಲು ವರ್ಷವಿಡೀ ಗೋಡೆ ಮೇಲಿತ್ತು.

ಹಾಗಾಗಿ ನನ್ನ ಮುಖ್ಯ ಮಾತು ಇಷ್ಟೇ: ಮಕ್ಕಳು ಮಾಡಿದ ತೀರ್ಮಾನದಿಂದ ಏನಾದರೂ ನಿಜವಾಗಿ ಬದಲಾಗಬೇಕು. ಚಿಲಕದಷ್ಟು ಸಣ್ಣದಾದರೂ ಸರಿ.

ಮುಂದಿನ ಮೆಟ್ಟಿಲು ಮಕ್ಕಳ ಗ್ರಾಮಸಭೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳು ವರ್ಷಕ್ಕೊಮ್ಮೆ ಅದನ್ನು ನಡೆಸಬೇಕು. ಹಾಡು, ಡ್ಯಾನ್ಸು, ಸಿಹಿ ಹಂಚಿ ಮುಗಿಸುವ ಕಡೆಯೂ ಇದೆ, ಅದು ನೋಡಿದರೆ ನನಗೆ ತುಂಬಾ ಬೇಸರವಾಗುತ್ತದೆ. ನಮ್ಮ ಮಕ್ಕಳು ಎರಡೇ ಬೇಡಿಕೆ ಬರೆದುಕೊಂಡು ಹೋದರು, ಬಸ್ ಸ್ಟಾಪಿಗೆ ದೀಪ ಮತ್ತು ಹಳ್ಳದ ಕಾಲುಸಂಕಕ್ಕೆ ಕೈಹಿಡಿ. 'ನೋಡೋಣ' ಅಂದರು. ಅಲ್ಲಿಗೇ ಬಿಡಬೇಡಿ. ಅರ್ಜಿ ಬರೆಸಿ, ಸ್ವೀಕೃತಿ ಪಡೆಯಲು ಹೇಳಿಕೊಡಿ, ತಿಂಗಳಿಗೊಮ್ಮೆ ಇಬ್ಬರನ್ನು ಕಳಿಸಿ. ಐದು ತಿಂಗಳಿಗೆ ದೀಪ ಬಂತು. ಕೈಹಿಡಿ ಇವತ್ತಿಗೂ ಬಂದಿಲ್ಲ, ಈಗಿನ ಒಂಬತ್ತನೇ ಕ್ಲಾಸಿನವರು ಅದೇ ಫೈಲು ಮುಂದುವರಿಸಿದ್ದಾರೆ.

ಇಷ್ಟಾದ ಮೇಲೆ ಜಗತ್ತನ್ನು ತನ್ನಿ. ನಮ್ಮ ಕರಾವಳಿಗೆ ಹೇಳಿ ಮಾಡಿಸಿದ ಪಾಠ ಅಂದರೆ ತುವಾಲು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ, ಜನ 11 ಸಾವಿರದ ಆಸುಪಾಸು, ನಮ್ಮ ಒಂದೆರಡು ಪಂಚಾಯಿತಿ ಸೇರಿದಷ್ಟು. 2021ರ ಹವಾಮಾನ ಸಮ್ಮೇಳನಕ್ಕೆ ಅಲ್ಲಿನ ಮಂತ್ರಿ ಸೈಮನ್ ಕೋಫೆ ಸೂಟು ಹಾಕಿಕೊಂಡು, ಮೊಣಕಾಲು ಮುಳುಗುವ ಕಡಲ ನೀರಲ್ಲಿ ನಿಂತು ಭಾಷಣ ರೆಕಾರ್ಡ್ ಮಾಡಿ ಕಳಿಸಿದ್ದರು. ಆ ಫೋಟೋ ತೋರಿಸಿ ಸುಮ್ನೆ ನಿಂತೆ. ಯಾವತ್ತೂ ಹಿಂದಿನ ಬೆಂಚಲ್ಲಿ ಕೂರುವ, ಬೋಟಿಗೆ ಹೋಗುವವರ ಮನೆಯ ಹುಡುಗ ಕೇಳಿದ, "ಟೀಚರ್, ಅದು ಭರತದ ಹೊತ್ತಾ, ಇಳಿತದ ಹೊತ್ತಾ?" ಅವತ್ತು ಪೂರ್ತಿ ಅವಧಿ ಆ ಪ್ರಶ್ನೆಯ ಮೇಲೇ ಹೋಯಿತು. ಕಡಲ್ಕೊರೆತಕ್ಕೆ ತೆಂಗಿನಮರ ಹೋದ ಮನೆಗಳು, ಕಲ್ಲಿನ ಗೋಡೆ, ಎಲ್ಲ ಬಂತು. ಅರ್ಧ ಮಕ್ಕಳು ಕೊಂಕಣಿಯಲ್ಲೇ ಮಾತಾಡಿದರು. ತಡೆಯಬೇಡಿ, ಮನೆಮಾತಲ್ಲಿ ಮಾತಾಡಲು ಬಿಟ್ಟರೆ ಆ ನಾಲ್ಕು ಮಕ್ಕಳ ಸಮಸ್ಯೆ ತನ್ನಷ್ಟಕ್ಕೇ ಕಡಿಮೆ ಆಗುತ್ತದೆ.

ಅದರ ಬೆನ್ನಿಗೇ 27 ವಿದ್ಯಾರ್ಥಿಗಳ ಕತೆ ಹೇಳಿ. ಪೆಸಿಫಿಕ್ಕಿನದೇ ಇನ್ನೊಂದು ದ್ವೀಪ ದೇಶ ವನುವಾಟುವಿನಲ್ಲಿ ಕಾನೂನು ಓದುತ್ತಿದ್ದವರು. ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯವೇ ಹೇಳಲಿ ಅಂತ 2019ರಲ್ಲಿ ಹೊರಟರು. ಮೊದಲು ಮಾಡಿದ್ದು ತಮ್ಮ ಕಡೆಯ ಸರ್ಕಾರಗಳಿಗೆ ಪತ್ರ ಬರೆದದ್ದು. ವನುವಾಟು ಸರ್ಕಾರ ಕೈಗೆತ್ತಿಕೊಂಡಿತು, 2023ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿತು, 2025ರ ಜುಲೈನಲ್ಲಿ ಹೇಗ್ ನಗರದ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು, ದೇಶಗಳಿಗೆ ಹವಾಮಾನ ಕಾಪಾಡುವ ಹೊಣೆ ಇದೆ ಅಂತ. ಆರು ವರ್ಷ ಹಿಡಿಯಿತು. ನಮ್ಮ ಒಬ್ಬಳು ಕೇಳಿದಳು, "ಅವರಿಗೆ ಸ್ವೀಕೃತಿ ಕೊಟ್ಟಿದ್ರಾ ಟೀಚರ್?" ದೀಪದ ಅರ್ಜಿ ಹಿಡಿದು ಓಡಾಡದಿದ್ದರೆ ಈ ಪ್ರಶ್ನೆ ಅವಳ ಬಾಯಲ್ಲಿ ಬರುತ್ತಿರಲಿಲ್ಲ.

ಒಂದು ಆಟವೂ ಇದೆ, ಖರ್ಚಿಲ್ಲ. ಪ್ರತಿ ಮಗುವಿಗೆ ಒಂದು ದೇಶದ ಚೀಟಿ. ಮಹಾಸಭೆಯಲ್ಲಿ 193 ದೇಶ, ದೇಶಕ್ಕೊಂದೇ ಮತ. ನೂರ ನಲವತ್ತು ಕೋಟಿಯ ಭಾರತಕ್ಕೂ ಒಂದು, ತುವಾಲುವಿಗೂ ಒಂದು. ಇದು ನ್ಯಾಯವಾ ಅಂತ ಕೇಳಿ ಬಿಟ್ಟುಬಿಡಿ. ಇನ್ನೊಂದು ದಿನ ಭದ್ರತಾ ಮಂಡಳಿ ಆಟ. 15 ಮಕ್ಕಳು, ಅದರಲ್ಲಿ ಐವರಿಗೆ ಕೆಂಪು ಚೀಟಿ, ಅವರಲ್ಲಿ ಒಬ್ಬರು ಬೇಡ ಅಂದರೂ ನಿರ್ಣಯ ಬೀಳುತ್ತದೆ. 'ಶನಿವಾರ ಆಟದ ಅವಧಿ ಜಾಸ್ತಿ ಮಾಡಬೇಕು' ಅಂತ ನಿರ್ಣಯ. ಹದಿನಾಲ್ಕು ಕೈ ಮೇಲೆದ್ದವು, ಕೆಂಪು ಚೀಟಿಯವಳೊಬ್ಬಳು ಬೇಡ ಅಂದಳು, ನಿರ್ಣಯ ಬಿದ್ದುಹೋಯಿತು. ಎಷ್ಟು ಗಲಾಟೆ! ಆಗ ಹೇಳಿ, ನಿಜವಾದ ಮಂಡಳಿಯಲ್ಲಿ ಈ ವಿಟೋ ಅಧಿಕಾರ ಇರುವ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಹೆಸರು. ಮತ್ತೆ ಮರೆಯುವುದಿಲ್ಲ.

ದೇವಿಮನೆ ಘಾಟ್ ಹತ್ತಿ ಸಿರ್ಸಿ ಕಡೆ ಪ್ರವಾಸ ಹೋದರೆ ಮರ ಉಳಿಸಲು ನಡೆದ ಅಪ್ಪಿಕೋ ಚಳವಳಿ ಬಗ್ಗೆ ಹೇಳದೇ ಬರಬೇಡಿ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯ ಕಾಡಲ್ಲಿ ಹಳ್ಳಿಯ ಜನ, ಯುವಕ ಮಂಡಳಿಯವರು ಮರ ಅಪ್ಪಿ ನಿಂತರು. ದಾರಿ ತೋರಿಸಿದ್ದು ಹಿಮಾಲಯದ ಚಿಪ್ಕೋ. ಯುವ ನಾಯಕತ್ವ ಅಂದಾಗ ಮಕ್ಕಳಿಗೆ ದೂರದ ಮುಖಗಳೇ ನೆನಪಾಗುವುದು ಬೇಡ.

ಅಪ್ಪ ಅಮ್ಮಂದಿರು 'ಮಕ್ಕಳಿಗ್ಯಾಕೆ ರಾಜಕೀಯ' ಅಂತ ಬರುತ್ತಾರೆ. ನಮ್ಮಲ್ಲಿ ಪಕ್ಷದ ಹೆಸರು, ಚಿಹ್ನೆ ಕ್ಲಾಸಿಗೆ ಬರುವಂತಿಲ್ಲ, ಅದು ಮೊದಲ ನಿಯಮ. ಜೂನ್, ಜುಲೈನಲ್ಲಿ 61 ದಿನ ಮೀನು ಹಿಡಿಯುವ ಟ್ರಾಲ್ ಬೋಟು ಬಂದ್ ಇರುತ್ತದಲ್ಲ, ಆಗ ಅಪ್ಪಂದಿರು ಮನೆಯಲ್ಲೇ ಸಿಗುತ್ತಾರೆ. ಶಾಲಾ ಚುನಾವಣೆ ಆಗಲೇ ಇಡಿ, ಮತ ಎಣಿಸಲು ಅವರನ್ನೇ ಕೂರಿಸಿ. ಎಣಿಸಿದವರು ಆಮೇಲೆ ನಮ್ಮ ಪರವೇ ಮಾತಾಡಿದರು.

ನೀವು ನಾಳೆಯೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಯಾವ ತಿಂಗಳು ಅಂತ ವಿಚಾರಿಸಿ. ನಮ್ಮಲ್ಲಿ ಸಾಮಾನ್ಯವಾಗಿ ನವೆಂಬರ್. ಅದಕ್ಕೆ ಎರಡು ತಿಂಗಳು ಮೊದಲೇ ಮಕ್ಕಳು ಊರು ಸುತ್ತಿ ನೋಡಿ ಬರಲಿ, ಆ ಪಟ್ಟಿಯನ್ನು ಮಾತ್ರ ನೀವು ತಿದ್ದಬೇಡಿ.